ಸೀಳು ತುಟಿ, ಸೀಳು ಅಂಗುಳ ಇರುವ ಮಗುವಿನ ಹಲ್ಲುಗಳು: ಯಾವುದು ನಿಜ, ಯಾವುದು ಸುಳ್ಳು?

"ತುಟಿ ಆಪರೇಷನ್ ಒಂದಾದರೆ ಸಾಕು, ಆಮೇಲೆ ಏನೂ ಮಾಡಬೇಕಿಲ್ಲ." "ಆ ಜಾಗದಲ್ಲಿ ಹಲ್ಲು ಬರದಿದ್ದರೆ ಕ್ಯಾಲ್ಸಿಯಂ ಕಡಿಮೆ ಇದೆ ಎಂದರ್ಥ." "ಹಲ್ಲು ಅಡ್ಡಾದಿಡ್ಡಿ ಬಂದರೆ ಕೀಳಿಸಿಬಿಡಿ, ಹಾಲು ಹಲ್ಲು ತಾನೇ, ಹೇಗೂ ಬೀಳುತ್ತದೆ."

ಸೀಳು ತುಟಿ ಅಥವಾ ಸೀಳು ಅಂಗುಳ ಇರುವ ಮಗು ಹುಟ್ಟಿದ ಮನೆಗೆ ಇಂಥ ಸಲಹೆಗಳು ನೆಂಟರ ಬಾಯಿಂದಲೂ ಬರುತ್ತವೆ, ವಾಟ್ಸ್‌ಆ್ಯಪ್‌ನಲ್ಲೂ ಬರುತ್ತವೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಮೂರೂ ತಪ್ಪು. ಮೊದಲ ಎರಡರಿಂದ ಸಮಯ ಮತ್ತು ಹಣ ಹಾಳಾಗುತ್ತದೆ. ಮೂರನೆಯದನ್ನು ನಂಬಿದರೆ ಮಗುವಿನ ದವಡೆಗೇ ನಷ್ಟವಾಗಬಹುದು.

ಈ ಲೇಖನದ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡೋಣ. ತುಟಿ ಮತ್ತು ಅಂಗುಳದ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಮುಗಿಯುತ್ತದೆ. ಸೀಳು ವಸಡಿನ ಮೂಲಕವೂ ಹಾದುಹೋಗಿದ್ದರೆ ಅಲ್ಲಿನ ಮೂಳೆಯ ಕಂದಕ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ತುಂಬುವುದು ಮಗುವಿಗೆ 8ರಿಂದ 11 ವರ್ಷವಾದಾಗ. ಆ ದಿನದವರೆಗೆ ಕಂದಕದ ಅಕ್ಕಪಕ್ಕದ ಮೂಳೆಯನ್ನು ಹಿಡಿದಿಟ್ಟುಕೊಳ್ಳುವುದು ಅಲ್ಲಿರುವ ಹಲ್ಲುಗಳು, ಹಾಲು ಹಲ್ಲುಗಳೂ ಸೇರಿ.

ಸೀಳು ಎಲ್ಲಿದೆ ಎಂಬುದನ್ನು ಮೊದಲು ತಿಳಿಯಿರಿ

ಜಗತ್ತಿನಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಬ್ಬರಿಗೆ ತುಟಿ ಅಥವಾ ಅಂಗುಳದಲ್ಲಿ ಸೀಳು ಇರುತ್ತದೆ. ಎಲ್ಲವೂ ಒಂದೇ ಥರ ಅಲ್ಲ. ಕೆಲವರಿಗೆ ತುಟಿಯಲ್ಲಷ್ಟೇ ಸೀಳು. ಕೆಲವರಿಗೆ ತುಟಿ, ವಸಡು, ಅಂಗುಳ ಮೂರರಲ್ಲೂ, ಒಂದು ಬದಿಗೆ ಅಥವಾ ಎರಡೂ ಬದಿಗೆ. ಇನ್ನು ಕೆಲವರಿಗೆ ತುಟಿ, ವಸಡು ಸರಿಯಾಗಿದ್ದು ಬಾಯೊಳಗೆ ಅಂಗುಳದಲ್ಲಿ ಮಾತ್ರ ಸೀಳು.

ಹಲ್ಲಿನ ವಿಷಯಕ್ಕೆ ಬಂದರೆ ಈ ವ್ಯತ್ಯಾಸವೇ ದೊಡ್ಡದು. ಹಲ್ಲು ಬೆಳೆಯುವುದು ವಸಡಿನೊಳಗಿನ ಮೂಳೆಯಲ್ಲಿ. ಸೀಳು ಅಲ್ಲಿಂದ ಹಾದುಹೋದರೆ ಆ ಜಾಗದ ಹಲ್ಲಿನ ಸಂಖ್ಯೆ, ಆಕಾರ, ದಿಕ್ಕು, ಬರುವ ಕಾಲ ಎಲ್ಲವೂ ಏರುಪೇರಾಗಬಹುದು. ಸೀಳು ಹಿಂದಿನ ಅಂಗುಳದಲ್ಲಿ ಮಾತ್ರ ಇದ್ದರೆ ಮುಂದಿನ ಹಲ್ಲುಗಳು ಬಹುಮಟ್ಟಿಗೆ ಎಲ್ಲ ಮಕ್ಕಳಂತೆಯೇ ಬರುತ್ತವೆ. ಆದರೂ ಅಂಥ ಮಕ್ಕಳಲ್ಲಿ ಒಂದೆರಡು ಶಾಶ್ವತ ಹಲ್ಲುಗಳು ಹುಟ್ಟದೇ ಹೋಗುವುದು ಉಳಿದವರಿಗಿಂತ ಹೆಚ್ಚು. ಬೀಗರ ಮಗುವಿಗೆ ಆದದ್ದೇ ನಿಮ್ಮ ಮಗುವಿಗೂ ಆಗುತ್ತದೆ ಎಂದುಕೊಳ್ಳುವ ಮೊದಲು ಎರಡೂ ಸೀಳು ಒಂದೇ ಬಗೆಯವೇ ಎಂದು ನೋಡಬೇಕು. ಮಗುವಿನ ಆಸ್ಪತ್ರೆ ಕಾಗದದಲ್ಲಿ ಇದನ್ನು ಬರೆದಿರುತ್ತಾರೆ. ಅರ್ಥವಾಗದಿದ್ದರೆ "ವಸಡಿನಲ್ಲಿ ಸೀಳು ಇದೆಯೇ?" ಎಂದು ಒಂದೇ ಪ್ರಶ್ನೆ ಕೇಳಿ, ಸಾಕು.

ಒಂದೇ ಜಾಗ: ಒಬ್ಬರಿಗೆ ಹಲ್ಲೇ ಇಲ್ಲ, ಇನ್ನೊಬ್ಬರಿಗೆ ಎರಡು

ಪೋಷಕರನ್ನು ತುಂಬಾ ಗೊಂದಲಕ್ಕೆ ಕೆಡಹುವುದು ಇದು. ಸೀಳಿನ ಪಕ್ಕದಲ್ಲಿ ಒಂದು ಮಗುವಿಗೆ ಹಲ್ಲೇ ಬರುವುದಿಲ್ಲ. ಇನ್ನೊಂದಕ್ಕೆ ಅದೇ ಜಾಗದಲ್ಲಿ ಎರಡು ಪುಟ್ಟ ಹಲ್ಲುಗಳು ಬರುತ್ತವೆ. ಒಂದೇ ಕಾರಣಕ್ಕೆ ಇಂಥ ಎರಡು ವಿರುದ್ಧ ಫಲ ಹೇಗೆ ಸಾಧ್ಯ?

ಇದಕ್ಕಾಗಿ ಗರ್ಭದ ಮೊದಲ ವಾರಗಳಿಗೆ ಹೋಗಬೇಕು. ನಮ್ಮ ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲ. ಹಲವು ಪುಟ್ಟ ಉಬ್ಬುಗಳು ಬೇರೆ ಬೇರೆ ದಿಕ್ಕಿನಿಂದ ಬೆಳೆದು ಬಂದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೇಲ್ದುಟಿ ಮತ್ತು ಅದರ ಹಿಂದಿನ ವಸಡಿಗೆ ಮೂಗಿನ ಕಡೆಯಿಂದ ಒಂದು ಉಬ್ಬು, ಕೆನ್ನೆಯ ಕಡೆಯಿಂದ ಇನ್ನೊಂದು ಉಬ್ಬು ಬರುತ್ತದೆ. ಈ ಬೆಸುಗೆ ಗರ್ಭಧಾರಣೆಯ 4ರಿಂದ 7ನೇ ವಾರದೊಳಗೆ ನಡೆಯುತ್ತದೆ. ಅಂಗುಳದ ಎರಡು ಹಲಗೆಗಳು ನಡುವೆ ಸೇರುವುದು ಸುಮಾರು 6ರಿಂದ 9ನೇ ವಾರದೊಳಗೆ. ಹಲ್ಲಿನ ಮೊದಲ ಮೊಗ್ಗುಗಳು ಮೂಡುವುದೂ ಹೆಚ್ಚುಕಡಿಮೆ 6ನೇ ವಾರದಲ್ಲೇ. ಅಂದರೆ ತುಟಿ ಕೂಡುವ ಕೆಲಸ ಮತ್ತು ಹಲ್ಲು ಬಿತ್ತುವ ಕೆಲಸ ಒಟ್ಟೊಟ್ಟಿಗೇ, ಒಂದೇ ಹೊಲದಲ್ಲಿ ನಡೆಯುತ್ತಿರುತ್ತವೆ.

ಮೇಲಿನ ಸಾಲಿನ ಮುಂಭಾಗದಲ್ಲಿ ನಾಲ್ಕು ಬಾಚಿಹಲ್ಲುಗಳು. ನಡುವೆ ಎರಡು ದೊಡ್ಡವು, ಅವುಗಳ ಪಕ್ಕಕ್ಕೆ ಒಂದೊಂದು ಸಣ್ಣವು. ಈ ಪಕ್ಕದ ಬಾಚಿಹಲ್ಲು ಹುಟ್ಟುವುದು ಆ ಎರಡು ಉಬ್ಬುಗಳು ಬೆಸೆದುಕೊಳ್ಳುವ ಗೆರೆಯ ಮೇಲೆಯೇ. ಜೆಕ್ ದೇಶದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹಾಲಿನ ಪಕ್ಕದ ಬಾಚಿಹಲ್ಲಿನ ಮೊಗ್ಗಿಗೆ ಎರಡೂ ಕಡೆಯಿಂದ ಅಂಗಾಂಶ ಬರುತ್ತದೆ ಎಂದು ತೋರಿಸಿತು. ಒಂದು ಹಲ್ಲಿಗೆ ಎರಡು ಮನೆಯಿಂದ ಸಾಮಾನು ಬರಬೇಕು ಎಂದಿಟ್ಟುಕೊಳ್ಳಿ. ಎರಡು ಮನೆ ಸೇರಲೇ ಇಲ್ಲ. ಆಗ ಎರಡೂ ಮನೆಯವರು ತಮ್ಮ ತಮ್ಮಲ್ಲಿರುವ ಸಾಮಾನಿನಲ್ಲೇ ಒಂದೊಂದು ಸಣ್ಣ ಹಲ್ಲು ಮಾಡಬಹುದು. ಒಬ್ಬರೇ ಮಾಡಬಹುದು. ಯಾರಿಂದಲೂ ಆಗದೆಯೂ ಹೋಗಬಹುದು. ಸೀಳಿನ ಆಚೆಗೊಂದು ಈಚೆಗೊಂದು ಹಲ್ಲು ಬರುವುದಕ್ಕೂ, ಒಂದೂ ಬರದೇ ಇರುವುದಕ್ಕೂ ವಿವರಣೆ ಇದೇ.

ಹಾಲು ಹಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಹೆಚ್ಚುವರಿ ಹಲ್ಲು. ಶಾಶ್ವತ ಹಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಹಲ್ಲಿನ ಗೈರುಹಾಜರಿ. ವಸಡಿನಲ್ಲಿ ಸೀಳಿರುವ ಮಕ್ಕಳಲ್ಲಿ, ಸೀಳಿನ ಬದಿಯ ಶಾಶ್ವತ ಪಕ್ಕದ ಬಾಚಿಹಲ್ಲು ಇಲ್ಲದಿರುವುದು ಎಷ್ಟು ಸಾಮಾನ್ಯವೆಂದರೆ, ಬೇರೆ ಬೇರೆ ಅಧ್ಯಯನಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಕ್ಕಳವರೆಗೆ ಇದು ಕಂಡುಬಂದಿದೆ. ಹಾಲು ಹಲ್ಲು ಎರಡು ಬಂದವೆಂದು ಶಾಶ್ವತ ಹಲ್ಲೂ ಬರುತ್ತದೆ ಎಂದು ಎಣಿಸಬೇಡಿ. ಹಾಲು ಹಲ್ಲು ಬರಲಿಲ್ಲವೆಂದು ಶಾಶ್ವತ ಹಲ್ಲೂ ಬಾರದು ಎಂದು ಈಗಲೇ ತೀರ್ಮಾನಿಸಲೂ ಬೇಡಿ. ಒಳಗೆ ಮೊಗ್ಗು ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಸರಿಯಾದ ವಯಸ್ಸಿನಲ್ಲಿ ತೆಗೆದ ಎಕ್ಸ್-ರೇ ಮಾತ್ರ.

ಹಲ್ಲು ಬರುವ ಕಾಲದ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಕೆಳಗಿನ ನಡು ಬಾಚಿಹಲ್ಲುಗಳು 6ರಿಂದ 10 ತಿಂಗಳಲ್ಲಿ ಬರುತ್ತವೆ. ಮೂರು ವರ್ಷದ ಹೊತ್ತಿಗೆ 20 ಹಾಲು ಹಲ್ಲುಗಳೂ ಬಂದಿರುತ್ತವೆ. ಸೀಳಿರುವ ಮಕ್ಕಳಲ್ಲೂ ಹೆಚ್ಚಿನ ಹಾಲು ಹಲ್ಲುಗಳು ಇದೇ ಲೆಕ್ಕದಲ್ಲಿ ಬರುತ್ತವೆ. ತಡವಾಗುವುದು ಮುಖ್ಯವಾಗಿ ಸೀಳಿನ ಬದಿಯ ಪಕ್ಕದ ಬಾಚಿಹಲ್ಲು. ಅದು ತಿರುಗಿಕೊಂಡೋ, ಅಂಗುಳದ ಕಡೆಗೆ ವಾಲಿಕೊಂಡೋ ಬರಬಹುದು. ಶಾಶ್ವತ ಹಲ್ಲುಗಳ ಬೆಳವಣಿಗೆ ಸರಾಸರಿ ಅರ್ಧ ವರ್ಷದಷ್ಟು ಹಿಂದೆ ಇರುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಗಾಬರಿಯಾಗುವಷ್ಟು ದೊಡ್ಡ ವ್ಯತ್ಯಾಸ ಅದಲ್ಲ.

ಹುಟ್ಟುವಾಗಲೇ ಹಲ್ಲು, ಅದೂ ಮೇಲಿನದು!

ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ಮಾತು ನಮ್ಮ ಊರುಗಳಲ್ಲಿ ಈಗಲೂ ಕೇಳಿಬರುತ್ತದೆ. ಹುಟ್ಟುವಾಗಲೇ ಹಲ್ಲಿದ್ದರೆ ಇನ್ನೂ ಕಷ್ಟ, ಅಪಶಕುನ ಎನ್ನುವವರೂ ಇದ್ದಾರೆ. ಸೀಳು ತುಟಿಯ ಮಗುವಿನ ತಾಯಿಗೆ ಈಗಾಗಲೇ ಸಾಕಷ್ಟು ಮಾತು ಕೇಳಿ ಆಗಿರುತ್ತದೆ. ಅದರ ಮೇಲೆ ಇದೊಂದು ಬರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಹುಟ್ಟುವಾಗಲೇ ಹಲ್ಲಿರುವುದು ಈ ಮಕ್ಕಳಲ್ಲಿ ನಿಜಕ್ಕೂ ಹೆಚ್ಚು.

ಸಾಮಾನ್ಯವಾಗಿ ಎರಡು ಮೂರು ಸಾವಿರ ಹೆರಿಗೆಗೆ ಒಂದು ಮಗು ಹಲ್ಲಿನೊಂದಿಗೆ ಹುಟ್ಟುತ್ತದೆ, ಮತ್ತು ಆ ಹಲ್ಲು ಹೆಚ್ಚಾಗಿ ಕೆಳಗಿನ ಸಾಲಿನಲ್ಲಿರುತ್ತದೆ. ಆದರೆ ಬ್ರೆಜಿಲ್‌ನಲ್ಲಿ ಸೀಳಿರುವ ಶಿಶುಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಎರಡೂ ಬದಿ ಪೂರ್ತಿ ಸೀಳಿದ್ದ ಶಿಶುಗಳಲ್ಲಿ ನೂರಕ್ಕೆ ಸುಮಾರು 10, ಒಂದು ಬದಿ ಸೀಳಿದ್ದವರಲ್ಲಿ ನೂರಕ್ಕೆ ಸುಮಾರು 2 ಮಕ್ಕಳಿಗೆ ಹುಟ್ಟುವಾಗಲೇ ಹಲ್ಲಿತ್ತು. ಅವು ಹೆಚ್ಚಾಗಿ ಮೇಲಿನ ದವಡೆಯಲ್ಲಿ, ಸೀಳಿನ ಅಂಚಿನಲ್ಲೇ ಇದ್ದವು. ಕಾರಣ ಸರಳ. ಅಲ್ಲಿ ಹಲ್ಲಿನ ಮೊಗ್ಗು ವಸಡಿನ ಆಳದಲ್ಲಿರದೆ ಮೇಲ್ಮೈಗೆ ತೀರಾ ಹತ್ತಿರ ಇರುತ್ತದೆ. ಸೋದರಮಾವ ನಿಶ್ಚಿಂತೆಯಿಂದ ನಾಮಕರಣಕ್ಕೆ ಬರಬಹುದು.

ಆ ಹಲ್ಲನ್ನು ಕೀಳಬೇಕೇ? ಮನೆಯಲ್ಲಿ ದಾರ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ. ಹೀಗೆ ಬರುವ ಹಲ್ಲುಗಳಲ್ಲಿ ಹೆಚ್ಚಿನವು ಹೆಚ್ಚುವರಿ ಹಲ್ಲುಗಳಲ್ಲ, ಮಗುವಿನ ನಿಜವಾದ ಹಾಲು ಹಲ್ಲುಗಳೇ ಬೇಗ ಬಂದಿರುತ್ತವೆ. ಕಿತ್ತರೆ ಆ ಜಾಗ ವರ್ಷಗಟ್ಟಲೆ ಖಾಲಿ. ಆದರೆ ಹಲ್ಲು ತುಂಬಾ ಅಲುಗಾಡುತ್ತಿದ್ದು ಕಳಚಿ ಶ್ವಾಸನಾಳಕ್ಕೆ ಹೋಗುವ ಭಯವಿದ್ದರೆ, ನಾಲಿಗೆಗೆ ಹುಣ್ಣು ಮಾಡುತ್ತಿದ್ದರೆ, ಅಥವಾ ಶಸ್ತ್ರಚಿಕಿತ್ಸೆಗೆ ಮೊದಲು ವಸಡನ್ನು ಹೊಂದಿಸಲು ಹಾಕುವ ಪ್ಲೇಟಿಗೆ ಅಡ್ಡಿಯಾಗುತ್ತಿದ್ದರೆ ವೈದ್ಯರೇ ತೆಗೆಯಬಹುದು. ಹೊಸದಾಗಿ ಹುಟ್ಟಿದ ಮಗುವಿನಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೆರಿಗೆಯಾದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂದು ವೈದ್ಯರು ಕೇಳುವುದು ಇದಕ್ಕೇ.

ಕ್ಯಾಲ್ಸಿಯಂ ಸಿರಪ್ ಕುಡಿಸಿದರೆ ಹಲ್ಲು ಬರುತ್ತದೆಯೇ?

ಬರುವುದಿಲ್ಲ. ಮೊಗ್ಗೇ ಇಲ್ಲದ ಜಾಗದಲ್ಲಿ ಯಾವ ಸಿರಪ್ಪೂ ಹಲ್ಲು ಮೂಡಿಸದು. ಬಿತ್ತದ ಸಾಲಿಗೆ ಗೊಬ್ಬರ ಹಾಕಿದ ಹಾಗೆ. ಮೊಗ್ಗು ಇದ್ದು ತಡವಾಗಿದ್ದರೆ ಸಿರಪ್ ಇಲ್ಲದೆಯೂ ಅದು ಬರುತ್ತದೆ. ಮಗುವಿಗೆ ನಿಜವಾಗಿ ಕ್ಯಾಲ್ಸಿಯಂ ಅಥವಾ ವಿಟಮಿನ್ ಡಿ ಕೊರತೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಆದರೆ ಅಂಥ ಕೊರತೆ ಸೀಳಿನ ಪಕ್ಕದ ಒಂದೇ ಹಲ್ಲನ್ನು ಹುಡುಕಿಕೊಂಡು ಹೋಗಿ ಕಾಡುವುದಿಲ್ಲ. ಸಂವಹನ ಓದಿದ ನನಗೆ ಈ ಫಾರ್ವರ್ಡ್ ಕುತೂಹಲ ಹುಟ್ಟಿಸುತ್ತದೆ. ಕ್ಯಾಲ್ಸಿಯಂಗೂ ಹಲ್ಲಿಗೂ ಸಂಬಂಧ ಇದೆ ಎಂಬುದು ಎಲ್ಲರಿಗೂ ಗೊತ್ತು, ಆ ಗೊತ್ತಿರುವ ಅರ್ಧ ಸತ್ಯದ ಮೇಲೆಯೇ ಸುಳ್ಳು ಸವಾರಿ ಮಾಡುತ್ತದೆ.

ಹಲ್ಲು ಹುಟ್ಟದಿರುವುದಕ್ಕೂ ಅಂಗುಳ ಕೂಡದಿರುವುದಕ್ಕೂ ವಂಶವಾಹಿಯಲ್ಲೇ ನಂಟು ಇರಬಹುದು ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಎಂಎಸ್‌ಎಕ್ಸ್1 ಎಂಬ ಜೀನ್ ಕೆಲಸ ಮಾಡದಂತೆ ಮಾಡಿದ ಇಲಿಗಳ ಬಗ್ಗೆ 1994ರಲ್ಲಿ ವರದಿಯಾಯಿತು. ಅವುಗಳ ಅಂಗುಳವೂ ಸೀಳಿತ್ತು, ಹಲ್ಲುಗಳ ಬೆಳವಣಿಗೆಯೂ ನಿಂತುಹೋಗಿತ್ತು. 2000ದಲ್ಲಿ ನೆದರ್ಲೆಂಡ್ಸ್‌ನ ಒಂದು ಕುಟುಂಬದಲ್ಲಿ ಇದೇ ಜೀನ್‌ನ ದೋಷ, ಹಲ್ಲುಗಳಿಲ್ಲದಿರುವುದು ಮತ್ತು ಸೀಳು ಒಟ್ಟಿಗೆ ಕಂಡವು. ಎಲ್ಲ ಮಕ್ಕಳಲ್ಲೂ ಇದೇ ಜೀನ್ ಕಾರಣ ಎಂದಲ್ಲ. ಹಲವು ಜೀನ್‌ಗಳು, ಗರ್ಭಿಣಿಯ ಆರೋಗ್ಯ, ಕೆಲವು ಔಷಧಗಳು, ಧೂಮಪಾನ ಹೀಗೆ ಹಲವು ಎಳೆಗಳು ಸೇರಿ ಸೀಳು ಉಂಟಾಗುತ್ತದೆ. ಬಹಳಷ್ಟು ಸಲ ಒಂದು ಮಗುವಿಗೆ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ.

ಇನ್ನು ಹಲ್ಲಿನ ಮೇಲಿನ ಕಲೆಗಳು. ಸೀಳಿನ ಬದಿಯ ನಡು ಬಾಚಿಹಲ್ಲಿನ ಮೇಲೆ ಬಿಳಿ ಅಥವಾ ಹಳದಿ ಮಚ್ಚೆ, ಸಣ್ಣ ಗುಂಡಿ ಕಾಣುವುದು ಸಾಮಾನ್ಯ. ಹಲ್ಲಿನ ಹೊರಪದರವಾದ ಎನಾಮೆಲ್ ಅಲ್ಲಿ ಸರಿಯಾಗಿ ಕಟ್ಟಿಕೊಂಡಿರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆಯವರು ಇದನ್ನು ನೋಡಿದ ಕೂಡಲೇ ಬೋರ್‌ವೆಲ್ ನೀರಿನ ಫ್ಲೋರೈಡ್ ಎಂದುಬಿಡುತ್ತಾರೆ. ಅಲ್ಲಿ ಅದು ನಿಜವಾದ ಸಮಸ್ಯೆಯೇ, ಆದ್ದರಿಂದ ಅನುಮಾನ ಸಹಜ. ಆದರೆ ಫ್ಲೋರೋಸಿಸ್ ಕಲೆಗಳು ಹೆಚ್ಚಾಗಿ ಶಾಶ್ವತ ಹಲ್ಲುಗಳಲ್ಲಿ, ಬಾಯಿಯ ಎಡಬಲ ಎರಡೂ ಕಡೆ ಸಮನಾಗಿ ಕಾಣುತ್ತವೆ. ಸೀಳಿನಿಂದಾದ ಎನಾಮೆಲ್ ದೋಷ ಸೀಳಿನ ಪಕ್ಕದ ಒಂದೆರಡು ಹಲ್ಲಿಗೆ ಸೀಮಿತ. ಅಂಥ ಹಲ್ಲು ಬೇಗ ಹುಳುಕಾಗುತ್ತದೆ, ಉಜ್ಜಿದರೂ ಕಲೆ ಹೋಗುವುದಿಲ್ಲ. ಇದ್ದಿಲು, ನಿಂಬೆರಸ, ಅಡುಗೆ ಸೋಡಾ ಹಾಕಿ ಉಜ್ಜುವ ರೀಲ್ಸ್‌ಗಳನ್ನು ನೋಡಿ ಪ್ರಯೋಗ ಮಾಡಿದರೆ ಉಳಿದ ತೆಳು ಪದರವೂ ಹೋಗುತ್ತದೆ.

"ಹಾಲು ಹಲ್ಲು ತಾನೇ"

ಈ ಮೂರು ಪದಗಳಿಂದ ಆಗುವಷ್ಟು ಹಾನಿ ಬಹುಶಃ ಗ್ರಹಣದ ಕಥೆಯಿಂದಲೂ ಆಗಿಲ್ಲ.

ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ ನಡೆಯುತ್ತದೆ. ಮುಖ ಸರಿಯಾಗಿ ಕಾಣುತ್ತದೆ, ಮಗು ಊಟ ಮಾಡುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಲ್ಲಿಗೆ ಎಷ್ಟೋ ಕುಟುಂಬಗಳು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುತ್ತವೆ. ದೂರ, ಖರ್ಚು, ಕೂಲಿ ನಷ್ಟ, ಕಾರಣಗಳು ಹಲವಾರು. ಆದರೆ ವಸಡಿನೊಳಗಿನ ಮೂಳೆಯ ಕಂದಕವನ್ನು ಸಾಮಾನ್ಯವಾಗಿ ಆಗ ಮುಚ್ಚಿರುವುದಿಲ್ಲ. ಮೇಲಿನ ತುಟಿ ಎತ್ತಿ ನೋಡಿದರೆ ವಸಡಿನಲ್ಲಿ ಒಂದು ಕೊರಕಲು ಕಾಣುತ್ತದೆ, ಕೆಲವರಿಗೆ ಅಲ್ಲಿಂದ ಮೂಗಿಗೆ ಸಣ್ಣ ರಂಧ್ರವೂ ಇರುತ್ತದೆ. ಕುಡಿದ ನೀರು ಮೂಗಿನಿಂದ ಒಸರುವುದು ಅದರಿಂದಲೇ.

ಈ ಕಂದಕಕ್ಕೆ ಮಗುವಿನ ಸೊಂಟದ ಮೂಳೆಯಿಂದ ತೆಗೆದ ಮೂಳೆಯ ಚೂರುಗಳನ್ನು ತುಂಬುತ್ತಾರೆ. ಈ ವಿಧಾನವನ್ನು ಅಮೆರಿಕದ ಬಾಯ್ನ್ ಮತ್ತು ಸ್ಯಾಂಡ್ಸ್ 1972ರಲ್ಲಿ ವಿವರಿಸಿದರು. ನಾರ್ವೆಯ ಓಸ್ಲೋ ನಗರದ ತಂಡ 1980ರ ದಶಕದಲ್ಲಿ ನೂರಾರು ಮಕ್ಕಳ ಫಲಿತಾಂಶ ತೋರಿಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಗೆ ಬಂತು. ಇದಕ್ಕೆ ಕಾಲ ಗೊತ್ತುಮಾಡುವುದು ಕ್ಯಾಲೆಂಡರ್ ಅಲ್ಲ, ಮಗುವಿನ ಕೋರೆಹಲ್ಲು. ಶಾಶ್ವತ ಕೋರೆಹಲ್ಲಿನ ಬೇರು ಅರ್ಧದಿಂದ ಮೂರನೇ ಎರಡು ಭಾಗ ಬೆಳೆದಿರಬೇಕು, ಆದರೆ ಹಲ್ಲು ಇನ್ನೂ ಹೊರಗೆ ಬಂದಿರಬಾರದು. ಹೆಚ್ಚಿನ ಮಕ್ಕಳಲ್ಲಿ ಇದು 8ರಿಂದ 11 ವರ್ಷದ ನಡುವೆ. ಪಕ್ಕದ ಬಾಚಿಹಲ್ಲು ಒಳಗೆ ಇದ್ದರೆ ಅದನ್ನು ಉಳಿಸಿಕೊಳ್ಳಲು ಇನ್ನೂ ಬೇಗ ಮಾಡುವವರೂ ಇದ್ದಾರೆ. ಆಗ ಕೋರೆಹಲ್ಲು ಹೊಸ ಮೂಳೆಯ ಮೂಲಕವೇ ಇಳಿದು ಬರುತ್ತದೆ. ಹಲ್ಲಿಗೆ ನಿಲ್ಲಲು ನೆಲ ಸಿಗುತ್ತದೆ, ಮೂಳೆಗೆ ಉಳಿಯಲು ಹಲ್ಲು ಸಿಗುತ್ತದೆ. ಹಲ್ಲಿಲ್ಲದ ಜಾಗದ ಮೂಳೆ ಕರಗುತ್ತಾ ಹೋಗುತ್ತದೆ, ಅಜ್ಜ ಅಜ್ಜಿಯರ ಬಾಯಿ ಒಳಗೆ ಕುಸಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋರೆಹಲ್ಲು ಬಂದ ಮೇಲೆ, ಹದಿನೈದು ಇಪ್ಪತ್ತರ ವಯಸ್ಸಿನಲ್ಲೂ ಮೂಳೆ ತುಂಬಬಹುದು, ಆದರೆ ಅಷ್ಟು ಒಳ್ಳೆಯ ಫಲ ಸಿಗುವುದು ಕಡಿಮೆ.

ಈಗ ಹಾಲು ಹಲ್ಲಿಗೆ ಬನ್ನಿ. ಸೀಳಿನ ಅಂಚಿನಲ್ಲಿರುವ ಆ ಸೊಟ್ಟ, ಚಿಕ್ಕ, ಚೆಂದವಿಲ್ಲದ ಹಲ್ಲು ತನ್ನ ಸುತ್ತಲಿನ ತೆಳು ಮೂಳೆಯನ್ನು ಉಳಿಸಿಕೊಂಡಿರುತ್ತದೆ. ನಾಲ್ಕನೇ ವರ್ಷದಲ್ಲಿ "ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ" ಎಂದು ಕೀಳಿಸಿದರೆ, ಮುಂದೆ ಮೂಳೆ ತುಂಬುವ ಹೊತ್ತಿಗೆ ಕಂದಕ ಇನ್ನಷ್ಟು ಅಗಲವಾಗಿರಬಹುದು. ಹೆಚ್ಚುವರಿ ಹಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಕೊನೆಗೊಮ್ಮೆ ಅವನ್ನು ತೆಗೆಯುವುದು ನಿಜ. ಆದರೆ ಅದು ಮೂಳೆ ತುಂಬುವ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲು, ವಸಡು ಮಾಯುವಷ್ಟು ಸಮಯ ಬಿಟ್ಟು, ಅದೇ ತಂಡದ ತೀರ್ಮಾನದಂತೆ. ನೋವು, ಕೀವು ಇದ್ದರೆ ಬೇರೆ ಮಾತು. ಉಳಿದಂತೆ ಸೀಳಿನ ಪಕ್ಕದ ಹಲ್ಲನ್ನು ಕೀಳುವ ಮೊದಲು ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಒಂದು ಫೋನ್ ಮಾಡಿಸಿ.

ಕಿತ್ತರಷ್ಟೇ ಅಲ್ಲ, ಹುಳುಕಾದರೂ ನಷ್ಟ ಅದೇ. ಸೀಳಿರುವ ಮಕ್ಕಳಲ್ಲಿ ಹುಳುಕು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಅಂಗುಳ ಸೀಳಿದ ಮಗುವಿಗೆ ಬಾಯಲ್ಲಿ ಎಳೆತ ಹುಟ್ಟುವುದಿಲ್ಲ, ಹಾಲು ಕುಡಿಯಲು ಹೆಚ್ಚು ಹೊತ್ತು ಬೇಕು, ಹಾಲು ಬಾಯಲ್ಲೇ ನಿಲ್ಲುತ್ತದೆ. ತೂಕ ಹೆಚ್ಚಲಿ ಎಂದು ಸಕ್ಕರೆ, ಬೆಲ್ಲ ಬೆರೆಸುವವರಿದ್ದಾರೆ. ಸೊಟ್ಟ ಹಲ್ಲುಗಳ ಸಂದಿಯಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಭಯ. ಹೊಲಿಗೆ ಹಾಕಿದ ತುಟಿ ಬಿಗಿಯಾಗಿರುತ್ತದೆ. ಅದನ್ನು ಎತ್ತಿ ಉಜ್ಜಿದರೆ ಹರಿದುಹೋದೀತು ಎಂದು ತಾಯಿ ಹೆದರುತ್ತಾಳೆ. ಗಾಯ ಪೂರ್ತಿ ಮಾಯ್ದ ಮೇಲೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಹೊಲಿಗೆ ಬಿಚ್ಚುವುದಿಲ್ಲ. ಯಾವ ದಿನದಿಂದ ಶುರು ಮಾಡಬಹುದು ಎಂದು ಡಿಸ್ಚಾರ್ಜ್ ಆಗುವಾಗಲೇ ಕೇಳಿ, ಆ ದಿನಾಂಕ ಬರೆಸಿಕೊಳ್ಳಿ.

ಮಗುವನ್ನು ತೊಡೆಯ ಮೇಲೆ ತಲೆ ಬರುವಂತೆ ಮಲಗಿಸಿಕೊಂಡು, ತೋರುಬೆರಳಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಉಜ್ಜುವುದು ಸುಲಭ. ಎದುರು ನಿಂತು ಉಜ್ಜಿದರೆ ಸೀಳಿನ ಪಕ್ಕದ ಹಲ್ಲು ಕಾಣುವುದೇ ಇಲ್ಲ. ಮೊದಲ ಹಲ್ಲು ಕಂಡ ದಿನದಿಂದ ಶುರು ಮಾಡಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರಾದರೆ ಅದನ್ನು ದಂತವೈದ್ಯರಿಗೆ ಮೊದಲೇ ತಿಳಿಸಿ. ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗಿಸಬೇಡಿ. ಹಲ್ಲು ಬೇಗ ಬರಲಿ ಎಂದು ವಸಡಿಗೆ ಜೇನು ಸವರುವುದನ್ನು ಬಿಡಿ. ಒಂದು ವರ್ಷದೊಳಗಿನ ಯಾವ ಮಗುವಿಗೂ ಜೇನು ಕೊಡಬಾರದು, ಬೊಟುಲಿಸಂ ಎಂಬ ಅಪರೂಪದ ಆದರೆ ಗಂಭೀರ ಕಾಯಿಲೆಯ ಅಪಾಯ ಇದೆ.

ಮಾತಿನ ಬಗ್ಗೆಯೂ ಒಂದು ಗೊಂದಲವಿದೆ. ಹಲ್ಲು ಬಂದ ಮೇಲೆ ಮಗು ಸರಿಯಾಗಿ ಮಾತಾಡುತ್ತದೆ ಎಂದು ಕಾಯುವವರಿದ್ದಾರೆ. ಮುಂದಿನ ಹಲ್ಲಿಲ್ಲದಿದ್ದರೆ "ಸ" ದಂಥ ಕೆಲವು ಅಕ್ಷರ ತೊದಲಬಹುದು, ಅಷ್ಟೇ. ಮೂಗಿನಿಂದ ಮಾತಾಡಿದಂತೆ ಕೇಳುವುದಕ್ಕೆ ಕಾರಣ ಅಂಗುಳ, ಹಲ್ಲಲ್ಲ. ಅದಕ್ಕೆ ವಾಕ್ ಚಿಕಿತ್ಸಕರನ್ನು ಬೇಗ ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯ ಇದೆ.

ಗ್ರಹಣದ ಲೆಕ್ಕ

ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಹೊರಗೆ ಬಂದರೆ, ಚಾಕು ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎಂಬುದನ್ನು ಇಲ್ಲಿ ಬಿಡುವಂತಿಲ್ಲ, ಯಾಕೆಂದರೆ ಪ್ರತಿ ಗ್ರಹಣದ ಹಿಂದಿನ ದಿನ ಈ ಸಂದೇಶ ಮತ್ತೆ ಜೀವ ಪಡೆಯುತ್ತದೆ. 2019ರ ಡಿಸೆಂಬರ್ 26ರಂದು ಕೊಡಗು, ದಕ್ಷಿಣ ಕನ್ನಡದಲ್ಲಿ ಕಂಕಣ ಸೂರ್ಯಗ್ರಹಣ ಕಂಡಾಗಲೂ ಇದು ಓಡಾಡಿತ್ತು. ಇದು ನಮ್ಮದೇ ನಂಬಿಕೆ ಎಂದುಕೊಳ್ಳಬೇಡಿ. ಮೆಕ್ಸಿಕೋದಲ್ಲೂ ಇದೇ ಭಯ ಇದೆ. ಅಲ್ಲಿ ಗರ್ಭಿಣಿಯರು ರಕ್ಷಣೆಗೆಂದು ಲೋಹದ ಕೀಲಿಯನ್ನೋ ಪಿನ್ನನ್ನೋ ಮೈಮೇಲೆ ಇಟ್ಟುಕೊಳ್ಳುವುದುಂಟು. ಇಲ್ಲಿ ಲೋಹ ಮುಟ್ಟಬಾರದು, ಅಲ್ಲಿ ಲೋಹ ಬಿಡಬಾರದು.

ಈ ನಂಬಿಕೆ ಸಾಯದಿರಲು ಒಂದು ಲೆಕ್ಕ ಕಾರಣ. ಗ್ರಹಣಗಳ ಕಾಲ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ, ವರ್ಷಕ್ಕೆ ಸೂರ್ಯ, ಚಂದ್ರ ಗ್ರಹಣ ಸೇರಿ ಕನಿಷ್ಠ ನಾಲ್ಕು. ಹಾಗಾಗಿ ಒಂಬತ್ತು ತಿಂಗಳ ಯಾವುದೇ ಗರ್ಭಾವಸ್ಥೆಯಲ್ಲಿ ಜಗತ್ತಿನ ಎಲ್ಲಾದರೂ ಒಂದು ಗ್ರಹಣ ಇದ್ದೇ ಇರುತ್ತದೆ. ಸೀಳು ತುಟಿಯ ಮಗು ಹುಟ್ಟಿದ ಮೇಲೆ ಪಂಚಾಂಗ ತೆಗೆದು ಹುಡುಕಿದರೆ ಸಿಗದೇ ಹೋಗುವುದು ಸಾಧ್ಯವೇ ಇಲ್ಲ. ಆರೋಗ್ಯವಾಗಿ ಹುಟ್ಟಿದ ಮಗುವಿನ ಮನೆಯಲ್ಲಿ ಯಾರೂ ಪಂಚಾಂಗ ತೆಗೆಯುವುದಿಲ್ಲ. ಇನ್ನೊಂದು ವಿಷಯ: ತುಟಿ ಕೂಡುವುದು 7ನೇ ವಾರದೊಳಗೆ, ಎಷ್ಟೋ ಮಹಿಳೆಯರಿಗೆ ತಾವು ಗರ್ಭಿಣಿ ಎಂದೇ ಆಗಿನ್ನೂ ತಿಳಿದಿರುವುದಿಲ್ಲ. ಏಳನೇ ತಿಂಗಳಲ್ಲಿ ತರಕಾರಿ ಹೆಚ್ಚಿದ್ದಕ್ಕೆ ತುಟಿ ಸೀಳಿತು ಎಂದು ಅವಳನ್ನು ದೂರುವವರು, ಐದು ತಿಂಗಳ ಹಿಂದೆ ಮುಗಿದ ಕೆಲಸಕ್ಕೆ ಅವಳನ್ನು ಹೊಣೆ ಮಾಡುತ್ತಿದ್ದಾರೆ.

ಎಲ್ಲಿಗೆ, ಯಾವಾಗ ಹೋಗಬೇಕು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದರ ಕೆಲಸ. ಸೀಳು ತುಟಿ, ಸೀಳು ಅಂಗುಳ ಇದರ ಪಟ್ಟಿಯಲ್ಲಿವೆ, ಹಲ್ಲಿನ ತೊಂದರೆಗಳೂ ಇವೆ. ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಜಿಲ್ಲೆಯ ಕೇಂದ್ರಕ್ಕೆ ದಾರಿ ಸಿಗುತ್ತದೆ. 2000ದಿಂದ ಭಾರತದಲ್ಲಿ ಕೆಲಸ ಮಾಡುತ್ತಿರುವ ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆಗಾರ ಆಸ್ಪತ್ರೆಗಳಲ್ಲಿ ಸೀಳಿನ ಶಸ್ತ್ರಚಿಕಿತ್ಸೆ ಉಚಿತ, ಕರ್ನಾಟಕದಲ್ಲೂ ಅಂಥ ಆಸ್ಪತ್ರೆಗಳಿವೆ. ತುಟಿಯ ಜೊತೆಗೆ ಮುಂದೆ ಮೂಳೆ ತುಂಬುವುದು, ಹಲ್ಲು ಹೊಂದಿಸುವುದು ಅಲ್ಲೇ ಆಗುತ್ತದೆಯೇ, ಯಾವುದಕ್ಕೆ ಹಣ ಕಟ್ಟಬೇಕು ಎಂದು ಮೊದಲ ಭೇಟಿಯಲ್ಲೇ ಕೇಳುವುದು ಒಳ್ಳೆಯದು.

ಹಲ್ಲಿನ ಲೆಕ್ಕದಲ್ಲಿ ಮೊದಲ ಭೇಟಿ ಮಗುವಿಗೆ ಒಂದು ವರ್ಷವಾಗುವುದರೊಳಗೆ, ಆಮೇಲೆ ಆರು ತಿಂಗಳಿಗೊಮ್ಮೆ. ಮಕ್ಕಳ ದಂತವೈದ್ಯರು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹತ್ತಿರದ ದಂತವೈದ್ಯರೂ ಆಗಬಹುದು. ಮಗುವಿಗೆ ಆರೇಳು ವರ್ಷವಾಗಿ ಮೊದಲ ಶಾಶ್ವತ ಹಲ್ಲುಗಳು ಬರುತ್ತಿದ್ದಂತೆ, ಕರೆ ಬರಲಿ ಬಿಡಲಿ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಒಮ್ಮೆ ಹೋಗಿ. ಗಾಯದ ಕಲೆಯ ಬಿಗಿತದಿಂದ ಮೇಲಿನ ದವಡೆ ಕಿರಿದಾಗಿ, ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತಿದ್ದರೆ ಮೂಳೆ ತುಂಬುವ ಮೊದಲು ದವಡೆಯನ್ನು ಅಗಲ ಮಾಡಬೇಕಾಗಬಹುದು. ಅದಕ್ಕೇ ಕೆಲವು ತಿಂಗಳು ಬೇಕು. ಎಂಟು ವರ್ಷಕ್ಕೆ ಮೂಳೆ ತುಂಬಬೇಕಾದ ಮಗುವನ್ನು ಎಂಟು ವರ್ಷಕ್ಕೇ ಮೊದಲ ಸಲ ಕರೆತಂದರೆ ತಡವಾಗುವುದು ಇದರಿಂದ.

ಹೋಗುವಾಗ ಹಳೆಯ ಡಿಸ್ಚಾರ್ಜ್ ಕಾಗದ, ಎಕ್ಸ್-ರೇ ಇದ್ದರೆ ಅದು, ಮತ್ತು ಮೊಬೈಲ್‌ನಲ್ಲಿ ಮಗುವಿನ ತುಟಿ ಎತ್ತಿ ಹಗಲು ಬೆಳಕಿನಲ್ಲಿ ತೆಗೆದ ಹಲ್ಲಿನ ಫೋಟೋಗಳನ್ನು ಒಯ್ಯಿರಿ. ಆರು ತಿಂಗಳಿಗೊಂದು ಫೋಟೋ ಇದ್ದರೆ ಯಾವ ಹಲ್ಲು ಯಾವಾಗ ಬಂತು, ಯಾವುದು ಬಿತ್ತು ಎಂದು ವೈದ್ಯರಿಗೆ ನೆನಪಿನಿಂದ ಹೇಳುವ ಕಷ್ಟ ತಪ್ಪುತ್ತದೆ. ಕಾಗದ ಕಳೆದುಹೋಗಿದ್ದರೂ ಹೋಗುವುದನ್ನು ಮುಂದೂಡಬೇಡಿ. ಮಗುವಿನ ಹೆಸರು, ಶಸ್ತ್ರಚಿಕಿತ್ಸೆ ಆದ ವರ್ಷ ಹೇಳಿದರೆ ಆಸ್ಪತ್ರೆಯ ದಾಖಲೆಯಲ್ಲಿ ಹುಡುಕಿಸಬಹುದು. ಅದೂ ಸಿಗದಿದ್ದರೆ ಬಾಯಿ ನೋಡಿ, ಎಕ್ಸ್-ರೇ ತೆಗೆದು ಹೊಸದಾಗಿ ಶುರು ಮಾಡುತ್ತಾರೆ.